ತಡಿಯಂಡಮೋಳ್ ಹತ್ತುವವರಿಗೆ ಕಿಲಿಮಂಜಾರೋ ಎಷ್ಟು ದಿನದ ದಾರಿ?

ಪ್ರಶ್ನೆ: ನಾವು ಮೂವರು ಗೆಳೆಯರು, ವಯಸ್ಸು 42ರಿಂದ 56. ವರ್ಷಕ್ಕೆರಡು ಸಲ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತುತ್ತೇವೆ. ಈಗ ತಾಂಜಾನಿಯದ ಕಿಲಿಮಂಜಾರೋ ಹತ್ತುವ ಆಸೆ. ಏಜೆಂಟರೊಬ್ಬರು ಮರಾಂಗು ದಾರಿಯಲ್ಲಿ 5 ದಿನದ ಪ್ಯಾಕೇಜ್ ಹೇಳಿದ್ದಾರೆ; 7 ದಿನದ್ದಕ್ಕಿಂತ ಅಗ್ಗ. ಬೆಟ್ಟ ಹತ್ತಿ ರೂಢಿಯಿರುವ ನಮಗೆ 5 ದಿನ ಸಾಕಲ್ಲವೇ? ಯಾವ ತಿಂಗಳು ಹೋಗಬೇಕು?
– ಓದುಗರು, ವಿರಾಜಪೇಟೆ

ಉತ್ತರ: ಸಾಲದು. ಆ ಪ್ಯಾಕೇಜ್ ದಯವಿಟ್ಟು ಒಪ್ಪಿಕೊಳ್ಳಬೇಡಿ. ತಡಿಯಂಡಮೋಳ್ ತುದಿ 1748 ಮೀಟರ್. ಕಿಲಿಮಂಜಾರೋದ ಮಚಾಮೆ ದಾರಿಯಲ್ಲಿ ನಡಿಗೆ ಶುರುವಾಗುವ ಗೇಟೇ ಸುಮಾರು 1800 ಮೀಟರ್ ಎತ್ತರದಲ್ಲಿದೆ. ಅದರ ತುತ್ತತುದಿ, ಉಹುರು ಶಿಖರ, 5895 ಮೀಟರ್. ಅಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟೇ. ಕಾಲು ಎಷ್ಟೇ ಗಟ್ಟಿಯಿದ್ದರೂ ಈ ಕೊರತೆಗೆ ದೇಹ ಒಗ್ಗಲು ದಿನಗಳೇ ಬೇಕು.

3000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಒಂದು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಮೇಲೇರಬಾರದು ಎಂಬುದು ವೈದ್ಯರ ಲೆಕ್ಕ. 5 ದಿನದ ಮರಾಂಗುವಿನಲ್ಲಿ ಮೊದಲ ರಾತ್ರಿ 2700, ಎರಡನೆಯದು 3700, ಮೂರನೆಯದು 4700 ಮೀಟರ್. ಆ ಮೂರನೆಯ ನಡುರಾತ್ರಿಯೇ ಎಬ್ಬಿಸಿ ಶಿಖರಕ್ಕೆ ಹೊರಡಿಸುತ್ತಾರೆ. ತಲೆನೋವು, ವಾಂತಿ ಬಂದು ಅರ್ಧಕ್ಕೆ ಮರಳುವವರು ಹೆಚ್ಚಾಗಿ ಇಂಥ ಅವಸರದ ದಾರಿಯವರು. ಮರಾಂಗುವೇ ಬೇಕೆಂದರೆ (ಟೆಂಟ್ ಬದಲು ಗುಡಿಸಲು ಸಿಗುವುದು ಅಲ್ಲಿ ಮಾತ್ರ) ಎರಡನೆಯ ರಾತ್ರಿಯ ತಂಗುದಾಣ ಹೊರೊಂಬೊದಲ್ಲಿ ಒಂದು ರಾತ್ರಿ ಹೆಚ್ಚು ಉಳಿದು 6 ದಿನ ಮಾಡಿ. ಅದಕ್ಕಿಂತ 7 ದಿನದ ಮಚಾಮೆ ಮೇಲು: ಮೂರನೆಯ ದಿನ 4600 ಮೀಟರಿನ ಲಾವಾ ಟವರ್‌ವರೆಗೆ ಹತ್ತಿಸಿ, ಮಲಗಲು 3900ರ ಆಸುಪಾಸಿನ ಬರಾಂಕೊಗೆ ಇಳಿಸುತ್ತಾರೆ. ಹೀಗೆ ಮೇಲೆ ಹತ್ತಿ ಕೆಳಗೆ ಮಲಗಿದಾಗಲೇ ದೇಹ ಪಳಗುವುದು. ರಜೆ ಇದ್ದರೆ 8 ದಿನದ ಲೆಮೊಶೊ ದಾರಿ ಇನ್ನೂ ಒಳ್ಳೆಯದು.

ತಿಂಗಳ ವಿಷಯ. ಅಲ್ಲಿ ಒಣ ಹವೆ ಜನವರಿಯಿಂದ ಮಾರ್ಚ್ ಮೊದಲವರೆಗೆ, ಮತ್ತೆ ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ. ತೋಟದವರಾದರೆ ಜನವರಿಯಲ್ಲಿ ಕಾಫಿ ಕುಯಿಲು ಬಿಟ್ಟು ಹೊರಡಲಾಗದು. ನಾಟಿ ಮುಗಿಸಿ, ಕೈಲ್‌ಪೊಳ್ದ್ ಹಬ್ಬ ಆದ ಮೇಲೆ ಸೆಪ್ಟೆಂಬರಿನಲ್ಲಿ ಹೋಗಿ. ಹುಣ್ಣಿಮೆಯ ಹತ್ತಿರದ ದಿನ ಸಿಕ್ಕರೆ ಶಿಖರದ ರಾತ್ರಿ ದಾರಿ ಬೆಳಗಿರುತ್ತದೆ.

ಗೈಡ್ ಇಲ್ಲದೆ ಕಿಲಿಮಂಜಾರೋ ಹತ್ತಲು ಅನುಮತಿಯೇ ಇಲ್ಲ. ಹಾಗಾಗಿ ಗೈಡ್ ಇದ್ದಾರೆಯೇ ಎಂದು ಕೇಳುವುದು ವ್ಯರ್ಥ. ಕೇಳಬೇಕಾದ್ದು ಬೇರೆ. ಮೂವರಿಗೆ ಎಷ್ಟು ಗೈಡ್? ಒಬ್ಬರಿಗೆ ಕಾಯಿಲೆಯಾದರೆ ಅವರ ಜೊತೆ ಇಳಿಯಲು ಒಬ್ಬರು ಬೇಕು, ಉಳಿದಿಬ್ಬರನ್ನು ಕರೆದೊಯ್ಯಲು ಇನ್ನೊಬ್ಬರು. ಇಬ್ಬರಿಗಿಂತ ಕಡಿಮೆ ಇದ್ದರೆ ಬೇಡ. ಬೆಳಿಗ್ಗೆ, ಸಂಜೆ ಆಕ್ಸಿಮೀಟರ್ ಹಾಕಿ ನೋಡುತ್ತಾರೆಯೇ? ಆಮ್ಲಜನಕದ ಸಿಲಿಂಡರ್ ಒಯ್ಯುತ್ತಾರೆಯೇ? ಸಾಮಾನು ಹೊರುವ ಪೋರ್ಟರ್‌ಗಳಿಗೆ ಹೊತ್ತಿಗೆ ಊಟ, ಮಲಗಲು ಟೆಂಟ್ ಕೊಡುತ್ತಾರೆಯೇ? ಪ್ಯಾಕೇಜ್ ತೀರಾ ಅಗ್ಗವಾದಾಗ ಮೊದಲು ಕತ್ತರಿ ಬೀಳುವುದು ಇವರ ಹೊಟ್ಟೆಗೆ. ಅವರ ಬೆನ್ನಿಗೆ ಕೊಡುವ ನಿಮ್ಮ ಚೀಲ 15 ಕಿಲೋ ಮೀರದಿರಲಿ. ವಿಮೆಯಲ್ಲಿ 6000 ಮೀಟರ್‌ವರೆಗಿನ ಚಾರಣ ಸೇರಿದೆ ಎಂದು ಬರಹದಲ್ಲೇ ಇರಬೇಕು.

ಪ್ರಶ್ನೆ: ಎತ್ತರದ ಕಾಯಿಲೆ ತಡೆಯುವ ಡೈಮಾಕ್ಸ್ ಮಾತ್ರೆ ನುಂಗಿದರೆ ಸಾಕೇ?
– ಓದುಗರು, ಸೋಮವಾರಪೇಟೆ

ಉತ್ತರ: ಅದು ಒಗ್ಗುವಿಕೆಗೆ ವೇಗ ಕೊಡುತ್ತದೆ, ದಿನಗಳನ್ನು ಉಳಿಸುವುದಿಲ್ಲ. ತಡೆಗಾಗಿ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಹತ್ತುವ ಹಿಂದಿನ ದಿನದಿಂದ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಸಲ್ಫಾ ಔಷಧಿಗೆ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರ ಬರುವುದು ಸಹಜ. ಹೆಜ್ಜೆ ತಡವರಿಸಿದರೆ, ಮಾತು ತೊದಲಿದರೆ, ಕುಳಿತಲ್ಲೂ ಏದುಸಿರು ಬಂದರೆ ಬೆಳಗಾಗಲೆಂದು ಕಾಯಬಾರದು, ಆಗಲೇ ಇಳಿಸಬೇಕು. ತಲೆನೋವನ್ನು ಗೈಡ್‌ನಿಂದ ಮುಚ್ಚಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಪ್ರಶ್ನೆ: ತಯಾರಿ, ಬಟ್ಟೆಬರೆ?
– ಓದುಗರು, ಮಡಿಕೇರಿ

ಉತ್ತರ: ಮೂರು ತಿಂಗಳು ಮೊದಲೇ ಶುರುಮಾಡಿ. ಬೆನ್ನಿಗೆ 6–7 ಕಿಲೋ ಹೊತ್ತು, ಸತತ ಎರಡು ದಿನ, ದಿನಕ್ಕೆ 5–6 ಗಂಟೆ ಏರುತಗ್ಗಿನ ದಾರಿಯಲ್ಲಿ ನಡೆಯಿರಿ. ಇಳಿಯುವುದನ್ನೂ ಅಭ್ಯಾಸ ಮಾಡಿ. ಶಿಖರದ ದಿನ ಹತ್ತಿದ ಮೇಲೆ ಎರಡರಿಂದ ಮೂರು ಸಾವಿರ ಮೀಟರ್ ಇಳಿಯಬೇಕು, ಮಂಡಿ ಸೋಲುವುದು ಅಲ್ಲೇ. ಬೂಟು ಹೊಸತಾದರೆ ಇಲ್ಲೇ ಹಾಕಿ ಪಳಗಿಸಿ. ಹತ್ತಿ ಬಟ್ಟೆ ಬೆವರು ಹಿಡಿದು ಮೈ ತಣಿಸುತ್ತದೆ, ಬೇಡ. ಶಿಖರದ ರಾತ್ರಿ ಮೈನಸ್ 10, ಗಾಳಿ ಬೀಸಿದರೆ ಇನ್ನೂ ಕೆಳಗೆ. ನೀರಿನ ಚೀಲದ ಕೊಳವೆ ಹೆಪ್ಪುಗಟ್ಟುತ್ತದೆ. ಬಾಟಲಿಗೆ ಉಣ್ಣೆಯ ಕಾಲುಚೀಲ ಹಾಕಿ ತಲೆಕೆಳಗಾಗಿಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ. ಹೆಡ್‌ಲ್ಯಾಂಪಿನ ಹೆಚ್ಚುವರಿ ಸೆಲ್ ಒಳಜೇಬಿನಲ್ಲಿರಲಿ. ತಾಂಜಾನಿಯದಲ್ಲಿ 2019ರಿಂದ ಪ್ಲಾಸ್ಟಿಕ್ ಕೈಚೀಲ ನಿಷಿದ್ಧ, ಬಟ್ಟೆ ಸುತ್ತಲು ಅವನ್ನು ಒಯ್ಯಬೇಡಿ.