ಕ್ಯಾಸೆಟ್ ಕಟ್ಟೆ: ಮೆಟಾಲಿಕಾ ಡೆಮೊ ಟೇಪಲ್ಲಿ ‘ಒರಿಜಿನಲ್’ ಯಾವುದು?

ಪ್ರಶ್ನೆ: ನಾನು ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಅಭಿಮಾನಿ. 2011ರ ಅಕ್ಟೋಬರ್ 30ರಂದು ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಹಿಂದಿನ ರಾತ್ರಿಯೇ ಬಸ್ ಹತ್ತಿ ಹೋಗಿದ್ದೆ. ಈಗ ಒಬ್ಬರು ‘ನೋ ಲೈಫ್ ಟಿಲ್ ಲೆದರ್’ ಡೆಮೊ (ಆಲ್ಬಂಗೂ ಮುಂಚಿನ ಮಾದರಿ ರೆಕಾರ್ಡಿಂಗ್) ಕ್ಯಾಸೆಟ್ಟು ನಲವತ್ತು ಸಾವಿರಕ್ಕೆ ಕೊಡ್ತೀನಿ ಅಂತಿದ್ದಾರೆ. 1982ರ ಒರಿಜಿನಲ್ಲಂತೆ. ಒಳಗೆ ಡ್ರಮ್ಮರ್ ಲಾರ್ಸ್ ಉಲ್ರಿಕ್ ಕೈಬರಹದ ಚೀಟಿಯೂ ಇದೆ. ತಗೊಳ್ಳಲಾ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ಬೇಡ. ಆ ಚೀಟಿ ನೋಡಿಯಂತೂ ಬೇಡವೇ ಬೇಡ.

2015ರ ರೆಕಾರ್ಡ್ ಸ್ಟೋರ್ ಡೇಗೆ (ರೆಕಾರ್ಡ್ ಅಂಗಡಿಗಳ ವಾರ್ಷಿಕ ಹಬ್ಬ) ಬ್ಯಾಂಡಿನವರೇ ಈ ಡೆಮೊವನ್ನು ಮತ್ತೆ ಕ್ಯಾಸೆಟ್ಟಿನಲ್ಲಿ ತಂದರು. ಅದರ ಒಳಚೀಟಿಯಲ್ಲಿ ಲಾರ್ಸ್ ಕೈಬರಹವನ್ನೇ ಅಚ್ಚು ಹಾಕಿದ್ದಾರೆ. ಅಂದಮೇಲೆ ಆ ಅಕ್ಷರ ನೋಡಿಕೊಂಡು ಬರೆಯುವುದು ಯಾರಿಗೆ ಬೇಕಾದರೂ ಸಾಧ್ಯ. ‘ಕ್ಯಾಸೆಟ್ಟಿನ ಡಬ್ಬಿ ಎಂಬತ್ತರ ದಶಕದ್ದು ಸಾರ್’ ಎನ್ನುವ ಮಾತಿಗೂ ಬೀಳಬೇಡಿ. ಸೀಲ್ ಒಡೆಯದ ಹಳೇ ಖಾಲಿ ಕ್ಯಾಸೆಟ್ಟುಗಳು ಇವತ್ತಿಗೂ ಸಿಗುತ್ತವೆ. ಅದರೊಳಗೆ ನಿನ್ನೆ ಸಂಜೆ ಹಾಡು ತುಂಬಿದರೂ ಡಬ್ಬಿ ಹಳೇದೇ ಅಲ್ವಾ?

ಇನ್ನೊಂದು ವಿಷಯ. ಈ ಟೇಪಿಗೆ ‘ಒರಿಜಿನಲ್’ ಎನ್ನುವುದೇ ಅಷ್ಟಾಗಿ ಹೊಂದುವುದಿಲ್ಲ. 1982ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಟಸ್ಟಿನ್ ಎಂಬ ಊರಲ್ಲಿ ಏಳು ಹಾಡು ರೆಕಾರ್ಡ್ ಮಾಡಿದರು. ಹಾಡಿದ್ದು ಜೇಮ್ಸ್ ಹೆಟ್‌ಫೀಲ್ಡ್, ಡ್ರಮ್ಸ್ ಲಾರ್ಸ್, ಬೇಸ್ ರಾನ್ ಮೆಕ್‌ಗವ್ನಿ, ಲೀಡ್ ಗಿಟಾರ್ ಡೇವ್ ಮಸ್ಟೇನ್. ಆಮೇಲೆ ಖಾಲಿ ಕ್ಯಾಸೆಟ್ಟುಗಳಿಗೆ ಕಾಪಿ ಮಾಡಿ ಕಂಡಕಂಡವರಿಗೆ ಹಂಚಿದರು. ಸಿಕ್ಕವರು ಇನ್ನೊಬ್ಬರಿಗೆ ಕಾಪಿ ಮಾಡಿ ಅಂಚೆಗೆ ಹಾಕಿದರು. ಹೀಗೆ ಊರೂರು ಸುತ್ತಲಿ ಅಂತಲೇ ಅದನ್ನು ಬಿಟ್ಟಿದ್ದು. ಸುತ್ತುತ್ತಾ ಅದು ನ್ಯೂಜೆರ್ಸಿಯ ಸಂತೆಯಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದ ಜಾನ್ ಝಜುಲಾ ಕೈಗೂ ಬಂತು. ಅವರು ಹುಡುಗರನ್ನು ಕರೆಸಿಕೊಂಡು, 1983ರಲ್ಲಿ ‘ಕಿಲ್ ಎಮ್ ಆಲ್’ ಆಲ್ಬಂ ಹೊರತಂದರು.

ಆದ್ದರಿಂದ ಇಂಥ ಟೇಪ್ ಕೂಡಿಡುವವರು ಕೇಳುವ ಪ್ರಶ್ನೆ ‘ಎಷ್ಟನೇ ಜನರೇಶನ್?’ ಎಂಬುದು. ಅಂದರೆ ಮೂಲದಿಂದ ಎಷ್ಟನೇ ಕಾಪಿ. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ ಪ್ರತಿ ಕಾಪಿಯಲ್ಲೂ ಒಂದಿಷ್ಟು ಅಳಿಸಿಹೋಗುತ್ತದೆ. ಮೊದಲು ಪೆಟ್ಟು ತಿನ್ನುವುದು ಸಿಂಬಲ್, ಅಂದರೆ ಡ್ರಮ್ಸಿನ ಲೋಹದ ತಟ್ಟೆಗಳ ಸದ್ದು. ಒಳ್ಳೆ ಕಾಪಿಯಲ್ಲಿ ಲಾರ್ಸ್ ಹೊಡೆದ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತದೆ. ಕೆಟ್ಟ ಕಾಪಿಯಲ್ಲಿ ಎಲ್ಲ ಸೇರಿ ಬರೀ ‘ಸ್ಸ್ಸ್’. ಒಂದು ಡೆಕ್ಕಿನಿಂದ (ಟೇಪ್ ಪ್ಲೇಯರ್) ಇನ್ನೊಂದು ಡೆಕ್ಕಿಗೆ ಹೋಗುವಾಗ ಸ್ಪೀಡೂ ಹೆಚ್ಚುಕಮ್ಮಿ ಆಗುತ್ತದೆ. ಬ್ಯಾಂಡೇ ಬಿಟ್ಟ ಕಾಪಿಯ ಪಕ್ಕ ಇಟ್ಟು ಕೇಳಿ. ಶ್ರುತಿ ಮೇಲೆ ಕೆಳಗೆ ಇದ್ದರೆ ತಕ್ಷಣ ಗೊತ್ತಾಗುತ್ತದೆ.

ಮಾರುವವರು ಕೇಳಿಸಲು ಒಪ್ಪಿದರೆ ‘ದಿ ಮೆಕ್ಯಾನಿಕ್ಸ್’ ಹಾಕಿಸಿ. ನನಗಂತೂ ಇಡೀ ಟೇಪಿನ ಜೀವವೇ ಅದು. ಮಸ್ಟೇನ್ ತಂದ ಹಾಡು. 1983ರ ಏಪ್ರಿಲ್‌ನಲ್ಲಿ ಅವರನ್ನು ಬ್ಯಾಂಡಿನಿಂದ ಹೊರಗೆ ಹಾಕಿದರು. ಉಳಿದವರು ಆ ಹಾಡಿನ ಸಾಹಿತ್ಯ ಬದಲಿಸಿ, ಓಟ ತಗ್ಗಿಸಿ, ನಡುವೆ ನಿಧಾನದ ಭಾಗವೊಂದನ್ನು ಸೇರಿಸಿ ‘ದಿ ಫೋರ್ ಹಾರ್ಸ್‌ಮೆನ್’ ಅಂತ ಮಾಡಿದರು. ಮಸ್ಟೇನ್ ಸುಮ್ನೆ ಕೂರಲಿಲ್ಲ. ಮೆಗಾಡೆತ್ ಕಟ್ಟಿ, 1985ರ ಮೊದಲ ಆಲ್ಬಂನಲ್ಲಿ ಅದೇ ಹಾಡನ್ನು ಇನ್ನೂ ಜೋರಾಗಿ ಓಡಿಸಿದರು. ಜಗಳಕ್ಕೆ ಮೊದಲು ಆ ಹಾಡು ಹೇಗಿತ್ತು ಅಂತ ಈ ಡೆಮೊದಲ್ಲಿ ಕೇಳಬಹುದು. ಅದಕ್ಕೆ ನಲವತ್ತು ಸಾವಿರ ಯಾಕೆ? 2015ರ ಕ್ಯಾಸೆಟ್ ಹುಡುಕಿ, ಸಾಕು.

ಅಪರೂಪದ್ದಕ್ಕೇ ದುಡ್ಡು ಹಾಕಬೇಕು ಅಂತ ಕೈ ತುರಿಸುತ್ತಿದ್ದರೆ ಅಚ್ಚಾದ ವಸ್ತುವಿಗೆ ಹಾಕಿ. 1982ರ ‘ಮೆಟಲ್ ಮ್ಯಾಸಕರ್’ ಎಂಬ ಎಲ್‌ಪಿಯ ಮೊದಲ ಪ್ರತಿಗಳಲ್ಲಿ ಬ್ಯಾಂಡಿನ ಹೆಸರಿಗೇ ಒಂದು ಟಿ ಜಾಸ್ತಿ ಬಿದ್ದಿದೆ. ಅಂಥದ್ದನ್ನು ಪರೀಕ್ಷೆ ಮಾಡುವುದು ಕೈಬರಹಕ್ಕಿಂತ ಎಷ್ಟೋ ಸುಲಭ.

ಪ್ರಶ್ನೆ: ಟೇಪ್ ಕಾಪಿ ಮಾಡಿ ಹಂಚಿ ಹೆಸರಾದ ಬ್ಯಾಂಡೇ, ಇಂಟರ್ನೆಟ್ಟಿನಲ್ಲಿ ಜನ ಹಾಡು ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಮೇಲೆ ಕೇಸ್ ಹಾಕಿತ್ತಲ್ಲ. ಇದು ಯಾವ ನ್ಯಾಯ?
— ಕಾಲೇಜು ವಿದ್ಯಾರ್ಥಿ, ಮೈಸೂರು

ಉತ್ತರ: ನನಗೂ ಆಗ ಸಿಟ್ಟು ಬಂದಿತ್ತು. ಆದರೆ ಎರಡೂ ಒಂದೇ ಅಲ್ಲ. 2000ನೇ ಇಸವಿಯಲ್ಲಿ ‘ಐ ಡಿಸಪಿಯರ್’ ಹಾಡಿನ ಅರ್ಧಂಬರ್ಧ ಕೆಲಸವಾದ ಡೆಮೊ ಸೋರಿ, ಹಾಡು ಬಿಡುಗಡೆ ಆಗುವ ಮೊದಲೇ ಅಮೆರಿಕದ ರೇಡಿಯೋಗಳಲ್ಲಿ ಬರತೊಡಗಿತು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ನ್ಯಾಪ್‌ಸ್ಟರ್. 1982ರ ಟೇಪನ್ನು ಅವರೇ ಕೊಟ್ಟಿದ್ದು, ಇದನ್ನು ಯಾರೂ ಕೇಳಿ ತಗೊಳ್ಳಲಿಲ್ಲ. ಹಾಗಂತ ಅಲ್ಲಿ ಹಾಡು ಹಂಚಿಕೊಂಡ ತಮ್ಮ ಅಭಿಮಾನಿಗಳ ಹೆಸರಿನ ಪಟ್ಟಿಯನ್ನೇ ಹೊತ್ತುಕೊಂಡು ಹೋಗಿ ಆ ಕಂಪನಿಗೆ ಕೊಟ್ಟರಲ್ಲ, ಅದು ಅತಿಯಾಯಿತು.

ಪ್ರಶ್ನೆ: ಅಣ್ಣನ ಹಳೇ ಕ್ಯಾಸೆಟ್ಟುಗಳು ಮಂಕಾಗಿ ಕೇಳುತ್ತವೆ. ಎಸೆಯಬೇಕಾ?
— ಗೃಹಿಣಿ, ಶಿರಸಿ

ಉತ್ತರ: ಎಸೆಯಬೇಡಿ. ಕ್ಯಾಸೆಟ್ಟಿನ ಬಾಯಲ್ಲಿ, ಟೇಪಿನ ಹಿಂದೆ ಒಂದು ಚಿಕ್ಕ ಬಟ್ಟೆಯ ಪ್ಯಾಡ್ ಇರುತ್ತದೆ. ಅಂಟು ಒಣಗಿ ಅದು ಬಿದ್ದುಹೋದರೆ ಟೇಪು ಅದನ್ನು ಓದುವ ಹೆಡ್ಡಿಗೆ ಸರಿಯಾಗಿ ಒತ್ತುವುದಿಲ್ಲ, ದನಿ ಮಂಕಾಗುತ್ತದೆ. ಬೇಡದ ಕ್ಯಾಸೆಟ್ಟಿನ ಪ್ಯಾಡ್ ತೆಗೆದು ಹಾಕಿ. ಪ್ಯಾಡ್ ಇದ್ದೂ ಮಂಕಾದರೆ, ಡೆಕ್ಕಿನ ಹೆಡ್ ಪಕ್ಕದ ಚಿಕ್ಕ ಸ್ಕ್ರೂವನ್ನು ಹಾಡು ಓಡುತ್ತಿರುವಾಗಲೇ ಎಳ್ಳಷ್ಟು ತಿರುಗಿಸಿ. ಸರಿಯಾದ ಜಾಗಕ್ಕೆ ಬಂದಾಗ ದನಿ ತಟ್ಟನೆ ತೆರೆದುಕೊಳ್ಳುತ್ತದೆ. ಆಮೇಲೆ ಕಂಪ್ಯೂಟರಿಗೆ ಹಾಕಿಕೊಳ್ಳಿ. ಹಿಸ್ (ಟೇಪಿನ ‘ಸ್ಸ್’ ಸದ್ದು) ಇದೆ ಅಂತ ಸಾಫ್ಟ್‌ವೇರ್‌ನಲ್ಲಿ ತಿಕ್ಕಿ ತೊಳೆಯಬೇಡಿ, ಹಿಸ್ ಜೊತೆಗೆ ಹಾಡೂ ಸವೆಯುತ್ತದೆ.