ಬೀದಿಯ ಮಾಮೂಲಿ ಫೋಟೋದಲ್ಲಿ ಕಥೆ ಕಾಣೋದು ಹೇಗೆ?

ವಾರಾವಾರ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಫೋಟೋ ತೆಗೆದರೂ ಬಣ್ಣ ಮಾತ್ರ ಸಿಗುತ್ತದೆ, ಕಥೆ ಸಿಗಲ್ಲ ಅಂದಿದ್ದೀರಿ.

ಮೊದಲು ಮಾರ್ಕೆಟ್‌ನ ಮಹಡಿಯಿಂದ ಕೆಳಗೆ ಇಳಿದು ಬನ್ನಿ. ಮೇಲಿಂದ ತೆಗೆದ ಹೂವಿನ ರಾಶಿ ನೋಡೋಕೆ ಚೆಂದ, ನಿಜ. ಆದರೆ ಅಲ್ಲಿ ಮನುಷ್ಯರು ಬರೀ ತಲೆಗಳಾಗಿಬಿಡುತ್ತಾರೆ. ಒಬ್ಬ ಹೂವಿನವರ ಹತ್ತಿರ ಅರ್ಧ ಗಂಟೆ ನಿಲ್ಲಿ. ಒಂದು ಮೊಳ ಮಲ್ಲಿಗೆ ಕೊಳ್ಳಿ, ಮಾತಾಡಿಸಿ, ಕೇಳಿಕೊಂಡು ತೆಗೆಯಿರಿ. ಆಗ ಮೊಳ ಹಾಕುವ ಕೈ ಕಾಣುತ್ತದೆ. ಚೌಕಾಸಿ ಮಾಡುವಾಗ ಇಬ್ಬರ ಮುಖ ಹೇಗೆ ಬದಲಾಗುತ್ತದೆ ಅಂತ ಕಾಣುತ್ತದೆ. ಬುಟ್ಟಿ ಹೊತ್ತವರು ಸುಧಾರಿಸಿಕೊಳ್ಳುವ ಆ ಒಂದು ಕ್ಷಣವೂ ಸಿಗುತ್ತದೆ. ಈಗಷ್ಟೇ ಏನೋ ಆಯ್ತು, ಅಥವಾ ಈಗ ಆಗಲಿದೆ ಅನ್ನೋ ಸುಳಿವಿದ್ದರೆ ನೋಡುವವರು ಮಿಕ್ಕಿದ್ದನ್ನು ತಾವೇ ಊಹಿಸುತ್ತಾರೆ, ಅಲ್ವಾ?

ಜೂಮ್ ಕಡಿಮೆ ಮಾಡಿ. ಜೂಮ್ ಇಲ್ಲದ, ಸ್ವಲ್ಪ ಅಗಲವಾಗಿ ನೋಡುವ 35 ಎಂಎಂ ಲೆನ್ಸ್ ಇದ್ದರೆ ಹತ್ತಿರ ಹೋಗಲೇಬೇಕಾಗುತ್ತದೆ, ಸುತ್ತಲಿನ ಜಾಗವೂ ಚಿತ್ರದೊಳಗೆ ಬರುತ್ತದೆ.

ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು-ಬಿಳುಪು ಚಿತ್ರಗಳನ್ನು ನಿಧಾನವಾಗಿ ನೋಡಿ. 1977ರಲ್ಲಿ ಪದ್ಮಶ್ರೀ ಪಡೆದವರು. ಅವರು ಪ್ರೀತಿಯಿಂದ ತೆಗೆದದ್ದು ಜಾಸ್ತಿ ಸಾಮಾನ್ಯ ಜನರನ್ನೇ, ಮಕ್ಕಳನ್ನೇ. ನನಗೆ ಅವರಿಗಿಂತ ಒಳ್ಳೆಯ ಮೇಷ್ಟ್ರು ಕಾಣಲ್ಲ.

ಮುಂದಿನ ವಾರ ಹೊಸ ಜಾಗ ಹುಡುಕಬೇಡಿ. ಅದೇ ಅಂಗಡಿಗೆ ಹೋಗಿ, ತೆಗೆದ ಫೋಟೋದ ಒಂದು ಪ್ರಿಂಟ್ ಅವರ ಕೈಗೆ ಕೊಡಿ.