ಟೈಲರಮ್ಮನ ಟೇಪು ಹೇಳಿದ್ದು

ಪ್ರಶ್ನೆ: ನನಗೆ 24 ವರ್ಷ. ವಿಜಯನಗರದ ಪಿಜಿಯಲ್ಲಿದ್ದೇನೆ. ನನ್ನ ಎಡ ಸ್ತನ ಮೊದಲಿನಿಂದಲೂ ಬಲಕ್ಕಿಂತ ದೊಡ್ಡದು. ನಿಶ್ಚಿತಾರ್ಥದ ಬ್ಲೌಸಿಗೆ ಅಳತೆ ಕೊಡಲು ಹೋದಾಗ ಟೈಲರಮ್ಮ "ಒಂದ್ ಕಡೆ ಲೂಸ್ ಬರುತ್ತಲ್ಲಮ್ಮ" ಎಂದರು. ಅಂದಿನಿಂದ ನಿದ್ದೆಯಿಲ್ಲ. ಗೆಳತಿ ಮಸಾಜ್ ಎಣ್ಣೆ ತಂದುಕೊಟ್ಟಿದ್ದಾಳೆ. ಮುಂದೆ ಹಾಲಿಗೆ ತೊಂದರೆಯಾಗುತ್ತದೆಯೇ? ಹುಡುಗನಿಗೆ ಮೊದಲೇ ಹೇಳಬೇಕೇ?

ಉತ್ತರ: ಟೈಲರಮ್ಮ ಆಡಿದ್ದು ಬಟ್ಟೆಯ ಮಾತು, ನೀವು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಿ. ಎರಡೂ ಸ್ತನ ಅಚ್ಚಿನಲ್ಲಿ ಹಾಕಿದಂತೆ ಒಂದೇ ಸಮ ಇರುವ ಹೆಂಗಸರು ಅಪರೂಪ. ಎಷ್ಟೋ ಜನರಲ್ಲಿ ಎಡದ್ದೇ ತುಸು ದೊಡ್ಡದು. ಬೆಳವಣಿಗೆ ಎರಡೂ ಕಡೆ ಒಂದೇ ದಿನ ಶುರುವಾಗುವುದಿಲ್ಲ. ರಕ್ತದಲ್ಲಿ ಹರಿಯುವ ಹಾರ್ಮೋನು ಒಂದೇ ಆದರೂ ಅದಕ್ಕೆ ಎರಡೂ ಕಡೆಯ ಅಂಗಾಂಶ ಒಂದೇ ರೀತಿ ಸ್ಪಂದಿಸುವುದಿಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಬೆಳವಣಿಗೆ ನಿಂತಾಗ ಉಳಿದ ವ್ಯತ್ಯಾಸ ಸಾಮಾನ್ಯವಾಗಿ ಹಾಗೇ ಇರುತ್ತದೆ.

ಎಣ್ಣೆಯನ್ನು ತಲೆಗೆ ಹಚ್ಚಿಕೊಳ್ಳಿ. ಸ್ತನದಲ್ಲಿರುವುದು ಕೊಬ್ಬು, ಹಾಲಿನ ಗ್ರಂಥಿ, ಅವನ್ನು ಹಿಡಿದಿಟ್ಟ ನಾರು. ಬೆಳೆಸಬಹುದಾದ ಸ್ನಾಯು ಅದರ ಹಿಂದಿದೆ, ಒಳಗಿಲ್ಲ. ಹಾರ್ಮೋನ್ ಮಾತ್ರೆಯಂತೂ ಬೇಡ. ನುಂಗಿದ್ದು ಚಿಕ್ಕ ಕಡೆಯನ್ನೇ ಹುಡುಕಿಕೊಂಡು ಹೋಗುವುದಿಲ್ಲ.

ಸರಿಪಡಿಸಬೇಕಾದದ್ದು ಬ್ರಾ. ಉಸಿರು ಹೊರಬಿಟ್ಟು ಸ್ತನದ ಕೆಳಗೆ ಟೇಪನ್ನು ಬಿಗಿಯಾಗಿ ಸುತ್ತಿ. ಆಮೇಲೆ ಎದೆಯ ತುಂಬಿದ ಭಾಗದ ಮೇಲೆ ಸಡಿಲವಾಗಿ ಸುತ್ತಿ. ಕೆಳಗೆ 32, ಮೇಲೆ 35 ಇಂಚು ಬಂದರೆ ವ್ಯತ್ಯಾಸ 3. ಒಂದಿಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ ಕಪ್. ಹಾಗಾದರೆ ನಿಮ್ಮದು 32 ಸಿ. ಇದು ಶುರುವಿನ ಲೆಕ್ಕ ಮಾತ್ರ, ಹಾಕಿ ನೋಡಿ ದೊಡ್ಡ ಕಡೆಗೆ ಕೂರುವ ಕಪ್ ಆರಿಸಿ. ಚಿಕ್ಕದಕ್ಕೆ ಹೊಂದಿಸಿದರೆ ಇನ್ನೊಂದು ಕಡೆ ಅಂಚಿನಿಂದ ಉಕ್ಕಿ, ತಂತಿ ಚುಚ್ಚುತ್ತದೆ. ಚಿಕ್ಕ ಕಡೆಗೆ ತೆಗೆದುಹಾಕಬಹುದಾದ ಪ್ಯಾಡ್ ಒಂದನ್ನು ಸೇರಿಸಿ, ಆ ಕಡೆಯ ಭುಜಪಟ್ಟಿಯನ್ನು ಬೇರೆಯಾಗಿ ಹೊಂದಿಸಿ. ಅಂಗಡಿಯವರು "32 ಸಿ ಇಲ್ಲ, 34 ಬಿ ತಗೊಳ್ಳಿ" ಎನ್ನುತ್ತಾರೆ. ಕಪ್ಪಿನ ಅಳತೆ ಹೆಚ್ಚುಕಡಿಮೆ ಅದೇ, ಆದರೆ ಬೆನ್ನಪಟ್ಟಿ ಸಡಿಲವಾಗಿ ಮೇಲೇರುತ್ತದೆ. ಪಟ್ಟಿಯ ಕೆಳಗೆ ಎರಡು ಬೆರಳು ತೂರಿದರೆ ಸಾಕು.

ಬ್ಲೌಸಿಗೆ ಅದೇ ಬ್ರಾ, ಅದೇ ಪ್ಯಾಡ್ ಹಾಕಿಕೊಂಡು ಅಳತೆ ಕೊಡಿ. ಪ್ರಿನ್ಸೆಸ್ ಕಟ್ ಹೊಲಿಸಿದರೆ ಉದ್ದದ ಹೊಲಿಗೆಯನ್ನು ಒಂದು ಕಡೆ ಮಾತ್ರ ಕಾಲಿಂಚು ಒಳಗೆ ತೆಗೆಯಬಹುದು. ಪಕ್ಕದ ಹೊಲಿಗೆ ಮುಗಿಸುವ ಮುಂಚೆ ಟ್ರಯಲ್ ಕೇಳಿ. ಚಿಕ್ಕಪೇಟೆಯಲ್ಲಿ ಸೀರೆಗೆ ನಾಲ್ಕು ಅಂಗಡಿ ಸುತ್ತುವವರೂ ಈ ಹತ್ತು ನಿಮಿಷಕ್ಕೆ ಸಂಕೋಚಪಡುತ್ತಾರೆ!

ಹಾಲು ಕೊಡುವುದು ಗ್ರಂಥಿ. ಗಾತ್ರ ಹೆಚ್ಚಾಗಿ ಕೊಬ್ಬಿನದು, ಅದರ ವ್ಯತ್ಯಾಸವೊಂದರಿಂದಲೇ ಹಾಲಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಸ್ತನ ಕೊಳವೆಯಂತೆ ಕಿರಿದಾಗಿದ್ದು, ಎರಡರ ನಡುವೆ ಅಗಲ ಜಾಗವಿದ್ದು, ಗರ್ಭಿಣಿಯಾದಾಗಲೂ ತುಂಬಿಕೊಳ್ಳದಿದ್ದರೆ ಗ್ರಂಥಿ ಕಡಿಮೆಯಿರಬಹುದು. ಹಾಗಿದ್ದರೆ ಹೆರಿಗೆಗೆ ಮುಂಚೆಯೇ ವೈದ್ಯರಿಗೆ ತಿಳಿಸಿ.

ಹಳೆಯ ವ್ಯತ್ಯಾಸಕ್ಕೆ ಹೆದರಬೇಡಿ, ಹೊಸದನ್ನು ತೋರಿಸಿ. ಇದ್ದಕ್ಕಿದ್ದಂತೆ ಒಂದು ಕಡೆ ದಪ್ಪವಾದರೆ, ಗಂಟು ಸಿಕ್ಕರೆ, ತೊಟ್ಟು ಒಳಸರಿದರೆ, ಅದರಿಂದ ರಕ್ತ ಬಂದರೆ, ಚರ್ಮ ಕಿತ್ತಳೆ ಸಿಪ್ಪೆಯಂತಾದರೆ ತಡಮಾಡಬೇಡಿ. ಗಾಬರಿಯಲ್ಲಿ ನೇರ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೇ ಓಡಬೇಕಿಲ್ಲ. ಬೌರಿಂಗ್ ಅಥವಾ ವಿಕ್ಟೋರಿಯಾ ಆಸ್ಪತ್ರೆಯ ಸರ್ಜರಿ ಹೊರರೋಗಿ ವಿಭಾಗ ಸಾಕು. ಈ ವಯಸ್ಸಿನಲ್ಲಿ ಅಂಗಾಂಶ ಒತ್ತಾಗಿರುವುದರಿಂದ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್ ಮಾಡುತ್ತಾರೆ. ಸಿಗುವ ಗಂಟುಗಳಲ್ಲಿ ಹೆಚ್ಚಿನವು ನಿರಪಾಯಕಾರಿ.

ಶಸ್ತ್ರಚಿಕಿತ್ಸೆಯೂ ಇದೆ. ಆದರೆ ಮುಹೂರ್ತ ನೋಡಿಕೊಂಡು ಮಾಡಿಸುವಂಥದ್ದಲ್ಲ. ಬಸಿರು ಬಾಣಂತನದಲ್ಲಿ ಗಾತ್ರ ಮತ್ತೆ ಬದಲಾಗುತ್ತದೆ.

ಹುಡುಗನಿಗೆ ಒಪ್ಪಿಸಬೇಕಾದ ವರದಿ ಇದಲ್ಲ. ಕಾಯಿಲೆಯಿದ್ದರೆ ಹೇಳಬೇಕಿತ್ತು, ಇದು ಕಾಯಿಲೆಯೇ ಅಲ್ಲ. ಸಲಿಗೆ ಬೆಳೆದ ಮೇಲೆ ಹೇಳಬೇಕೆನಿಸಿದರೆ ಹೇಳಿ. ಟ್ರಯಲ್‌ಗೆ ಮಾತ್ರ ಮುಟ್ಟಿಗೆ ಮುಂಚಿನ ವಾರ ಹೋಗಬೇಡಿ. ಆಗ ಎರಡೂ ಊದಿಕೊಂಡಿರುತ್ತವೆ, ಅಳತೆ ತಪ್ಪುತ್ತದೆ.